ಹಗೇವಿಗೆ ಇಳಿಬಿಟ್ಟ ಬುಡ್ಡಿ

ಶ್ರೀರಂಗಪಟ್ಟಣ
3 ಜೂನ್ 2024

ಚಿ. ಚಲುವರಾಜುವಿಗೆ ಅನಂತರಾಮು ಮಾಡುವ ಆಶೀರ್ವಾದ.

ಐದು ವರ್ಷ ಮಾತಿಲ್ಲದೆ ಇದ್ದ ಮೇಷ್ಟ್ರು ಈಗ ಯಾಕೆ ಕಾಗದ ಬರೆದರು ಅಂತ ನಿನಗೆ ಅನ್ನಿಸಬಹುದು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ನಡೆದದ್ದು ನನಗೂ ನೆನಪಿದೆ. ಅದರ ಮಾತು ಈಗ ಬೇಡ.

ನಾನೀಗ ನಿವೃತ್ತ. ಯುದ್ಧದ ಕಾಲದಲ್ಲಿ, ಅಂದರೆ 1942ರಿಂದ 45ರವರೆಗೆ, ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಜನ ಸರ್ಕಾರಕ್ಕೆ ತಿರುಗಿಬಿದ್ದರಲ್ಲ, ಆ ಗಲಭೆಯ ಸಾಮಾನುಗಳನ್ನು ಕೂಡಿಸುತ್ತಿದ್ದೇನೆ. ಕತ್ತಿ ಬಂದೂಕಲ್ಲ. ಟೆಲಿಗ್ರಾಫ್ ತಂತಿ ಕಡಿದ ಇಕ್ಕಳ, ಸರ್ಕಾರದವರು ಲೆವಿ ಅಂತ ಮನೆಮನೆಯ ರಾಗಿ ಅಳೆದುಕೊಂಡು ಹೋದ ಕೊಳಗ, ಸೀಮೆಎಣ್ಣೆ ಕಾರ್ಡು. ಅಟ್ಟದ ಮೇಲೆ, ಒಲೆ ಮೂಲೆಯಲ್ಲಿ ಬಿದ್ದಿರುವಂಥವು. ಆಗಸ್ಟ್ 9ಕ್ಕೆ ಪಾಂಡವಪುರದಲ್ಲಿ ಪ್ರದರ್ಶನ.

ನನಗೆ ಮಂಡಿ ನೋವು. ಕಿವಿ ಮಂದವಾಗಿದೆ, ಎದುರಿಗೆ ಗಟ್ಟಿಯಾಗಿ ಹೇಳಿದರಷ್ಟೇ ಸರಿ, ಫೋನಿನಲ್ಲಿ ಏನೂ ಕೇಳಿಸದು. ನಿನಗೆ ಬೈಕಿದೆ, ಒಂದು ಕಡೆ ಒಂದು ದಿನ ನಿಲ್ಲುವುದಿಲ್ಲ ಅಂತ ನಿಮ್ಮಕ್ಕ ರಂಜಿತ ಬಸ್ಸಿನಲ್ಲಿ ಸಿಕ್ಕಾಗ ಹೇಳಿದಳು. ನೀನು ತಿರುಗಿ ತರುತ್ತೀಯಾ? ಸಾಮಾನನ್ನು ಬಸ್ಸಿನ ಕಂಡಕ್ಟರ ಕೈಲಿ ಕಳಿಸು, ಮಿಕ್ಕದ್ದನ್ನು ಕಾಗದದಲ್ಲಿ ಬರೆ.

ಷರತ್ತು ಒಂದೇ. ಪ್ರತಿ ಸಾಮಾನಿಗೂ ಒಂದು ಚೀಟಿ. ಯಾರದು, ಎಲ್ಲಿತ್ತು, ಹೇಳಿದವರು ಯಾರು, ಏನು ಹೇಳಿದರು. ನಿನ್ನದೊಂದು ಪದವನ್ನೂ ಸೇರಿಸಬಾರದು. ಅದಕ್ಕೇ ಬೇರೆ ಯಾರನ್ನೂ ಕೇಳದೆ ನಿನ್ನನ್ನು ಕೇಳುತ್ತಿದ್ದೇನೆ.

ಇಂತು ಆಶೀರ್ವಾದಗಳು,
ಅನಂತರಾಮು


ಹೊಣಕೆರೆ ಹೋಬಳಿ
11 ಜೂನ್ 2024

ಮೇಷ್ಟ್ರಿಗೆ ಚಲುವರಾಜುವಿನ ನಮಸ್ಕಾರ.

ಕೆಲಸ ಒಪ್ಪಿದ್ದೇನೆ. ಆದರೆ ಆ ದಿನದ ಮಾತು ಬೇಡ ಅಂದಿರಿ, ನನಗೆ ಬೇಕು. ಪರೀಕ್ಷೆ ಕೊಠಡಿಗೆ ತನಿಖೆಯವರು ಬಂದು 'ಯಾರಾದರೂ ಉತ್ತರ ಹೇಳಿಕೊಟ್ಟರಾ?' ಅಂತ ಕೇಳಿದರು. ಎಲ್ಲರೂ ಇಲ್ಲ ಅಂದರು. ನಾನು ಹೌದು ಅಂದೆ. ಪರೀಕ್ಷೆ ರದ್ದಾಯಿತು. ಹೆಡ್‌ಮೇಷ್ಟ್ರಾಗಿದ್ದ ನೀವು ಹೊರಗೆ ನನ್ನನ್ನು ನಿಲ್ಲಿಸಿ, 'ನೀನೊಬ್ಬ ಇಲ್ಲ ಅಂದಿದ್ದರೆ ನಲವತ್ತು ಮಕ್ಕಳು ಉಳಿಯುತ್ತಿದ್ದರು' ಅಂದಿರಿ. ಆಮೇಲೆ ನಾನು ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಈಗ ಸುಳ್ಳು ಹೇಳದವನು ಬೇಕು ಅಂತ ನನ್ನನ್ನೇ ಹುಡುಕಿದ್ದೀರಿ. ನಗು ಬಂತು. ಇದು ಮನಸ್ಸಿನಲ್ಲಿತ್ತು, ಬರೆದೆ. ಇನ್ನು ಕೆಲಸದ ಮಾತು.

ಭಾನುವಾರ ತೊಣ್ಣೂರಿಗೆ ಹೋಗಿದ್ದೆ. ಕೆರೆ ಏರಿ ಹತ್ತಿರ ಚಿಕ್ಕಸ್ವಾಮಿ ಅಂತ ಎಂಬತ್ತು ದಾಟಿದವರು. ತಂತಿ ಕಂಬದ ತುದಿಯಲ್ಲಿರುತ್ತಲ್ಲ ಬಿಳೀ ಪಿಂಗಾಣಿ ಬಟ್ಟಲು, ಅದು ಅವರ ಮನೆಯಲ್ಲಿ ಉಪ್ಪಿನಕಾಯಿ ಜಾಡಿಯೊಳಗೆ ಭಾರಕ್ಕೆ ಕೂತಿದೆ.

'ನಮ್ಮಪ್ಪ ಕಂಬ ಅತ್ತಿ, ತಂತಿ ಕಡ್ದು, ಇದ ಕಿತ್ಕಂಡ್ ಬಂದಿದ್ದು ಕಣಪ್ಪ. ಮಿಲ್ಟ್ರಿ ಸುದ್ದಿ ಆಚೆಗೆ ಓಗ್ದಂಗೆ ಮಾಡ್ಬುಟ್ಟಿದ್ರು' ಅಂದರು.

ಒಳಗಿನಿಂದ ಅವರ ಹೆಂಡತಿ ಕೂಗಿದರು: 'ನಿಮ್ಮಪ್ಪ ತೆಂಗಿನ ಮರ ಅತ್ತೋಕೇ ಎದರ್ತಿದ್ದೋನು, ಕಂಬ ಅತ್ತಿದ್ನಂತಾ? ಗುಜರಿಯೋನ ತಾವು ಅಳೇ ಚೊಂಬು ಕೊಟ್ಟು ತಕ್ಕಂಡಿದ್ದು.'

'ನೀನಾವಾಗ ಈ ಮನೇಲಿದ್ಯೇನೆ?'

'ನಿಮ್ಮವ್ವ ಯೋಳಿದ್ದು. ಸಾಯೋಗಂಟ ಯೋಳ್ಯೋಳಿ ನಗ್ತಿದ್ಲು.'

ಚೀಟಿಯಲ್ಲಿ ಇಬ್ಬರ ಮಾತೂ ಬರೆದೆ. 'ಅವ್ಳ್ದ ಒಡ್ದಾಕ್ಬುಡ್ಲಾ' ಅಂದರು. ಹೊಡೆದುಹಾಕಲಿಲ್ಲ. ಬಟ್ಟಲು ಕೊಟ್ಟರು, ಟೀ ಕೊಡಲಿಲ್ಲ.

ಪಾಂಡವಪುರದಲ್ಲಿ ಒಂದು ಸೀಮೆಎಣ್ಣೆ ಕಾರ್ಡು ಸಿಕ್ಕಿದೆ. ಊರಿನ ಹೆಸರು ಫ್ರೆಂಚ್ ರಾಕ್ಸ್ ಅಂತಿದೆ, ಪಾಂಡವಪುರದ್ದೇ ಹಳೇ ಹೆಸರಂತೆ. ಒಂದು ಮನೆಗೆ ತಿಂಗಳಿಗೆ ಅರ್ಧ ಬಾಟಲಿ. ಕಾರ್ಡು ಕೊಟ್ಟ ಅಮ್ಮ, 'ದೀಪ ಅಂಟಿಸಿದ್ರೆ ಬೈತಿದ್ರು, ಚೆಲ್ಲಿದ್ರೆ ಬಾಸುಂಡೆ ಬರಂಗೆ ಒಡೀತಿದ್ರು' ಅಂದರು. ಅದನ್ನೂ ಬರೆದಿದ್ದೇನೆ.

ಇಂತಿ,
ಚಲುವರಾಜು


ಶ್ರೀರಂಗಪಟ್ಟಣ
17 ಜೂನ್ 2024

ಚಿ. ಚಲುವರಾಜುವಿಗೆ,

ಬಟ್ಟಲು, ಕಾರ್ಡು ಎರಡೂ ಬಂದವು. ಚೀಟಿಗಳು ನನಗೆ ಬೇಕಾದ ಹಾಗೇ ಇವೆ. ಪರೀಕ್ಷೆಯ ವಿಚಾರ ಓದಿದೆ. ಉತ್ತರ ಬರೆಯಲು ಕೂತೆ, ಆಗಲಿಲ್ಲ.

ಇನ್ನೊಂದು ಕೆಲಸ. ಪ್ರದರ್ಶನದ ನಡುಭಾಗವನ್ನು ನಿಮ್ಮೂರಿನ ತಮ್ಮಯ್ಯನವರಿಗೆ ಮೀಸಲಿಟ್ಟಿದ್ದೇನೆ. 1943ರಲ್ಲಿ ನಿಮ್ಮೂರಿನವರು ಲೆವಿ ಗಾಡಿಗಳನ್ನು ತಡೆದ ದಿನ ಅವರು ಪೊಲೀಸರ ಲಾಠಿಗೆ ಬಲಿಯಾದರು. 'ಪ್ರಾಣ ಕೊಟ್ಟೇವು, ರಾಗಿ ಕೊಡೆವು' ಎಂದು ಕೂಗುತ್ತಾ ಬಿದ್ದರು. ಇದನ್ನೆಲ್ಲ ನನ್ನ ಪುಸ್ತಕದಲ್ಲಿ ಬರೆದಿದ್ದೇನೆ, ಅಚ್ಚಿಗೆ ಹೋಗಿದೆ. ಅವರ ಮರಿಮಗ ದಿಲೀಪ್ ನಿಮ್ಮೂರ ಹಾಲಿನ ಡೇರಿ ಅಧ್ಯಕ್ಷನಲ್ಲವೇ? ಪಾಂಡವಪುರದ ಸಭಾಂಗಣ ಕೊಡಿಸಿದವನು ಅವನೇ. ಊರ ಬಾಗಿಲಿಗೆ 'ಹುತಾತ್ಮ ತಮ್ಮಯ್ಯ' ಎಂದು ಕಮಾನು ಕಟ್ಟಿಸುತ್ತಿದ್ದಾನೆ.

ಆದರೆ ತಮ್ಮಯ್ಯನವರದೆಂದು ತೋರಿಸಲು ನನ್ನಲ್ಲಿ ಒಂದು ಸಾಮಾನೂ ಇಲ್ಲ. ನಿಮ್ಮಜ್ಜಿ ಪುಟ್ಟತಾಯಮ್ಮನವರು ಹುಟ್ಟಿದ್ದೂ ಸೇರಿದ್ದೂ ಅದೇ ಊರು. ಆಗ ಒಂಬತ್ತು ವರ್ಷವಿದ್ದಿರಬೇಕು. ಕೇಳಿ ನೋಡು.

ಅನಂತರಾಮು


ಹೊಣಕೆರೆ ಹೋಬಳಿ
25 ಜೂನ್ 2024

ಮೇಷ್ಟ್ರಿಗೆ ನಮಸ್ಕಾರ.

ಅಜ್ಜಿಯನ್ನು ಕೇಳಿದೆ.

'ತಮ್ಮಯ್ಯನ್ನ ಪೊಲೀಸ್ನೋರು ಒಡುದ್ದ ನೀನ್ ಕಂಡ್ಯಾ ಅಜ್ಜಿ?'

'ಇಲ್ಲ.'

'ಅವ್ನು ಕೂಗಿದ್ದ ಕೇಳುದ್ಯಾ?'

'ನಿಂಗೆ ಬ್ಯಾರೆ ಕೆಲ್ಸ ಇಲ್ವೇನ್ಲಾ? ಓಗಿ ಎಮ್ಮೆಗೆ ಉಲ್ಲಾಕು.'

ನಮ್ಮಜ್ಜಿ ಬೀದಿಯಲ್ಲಿ ಹೋಗುವವರನ್ನು ಕರೆದು ಕೂರಿಸಿಕೊಂಡು ಮಾತಾಡುವವಳು. ಅವತ್ತು ಬಾಯಿಗೆ ಬೀಗ ಹಾಕಿಕೊಂಡಳು. ಮೂರನೇ ದಿನ ದಿಲೀಪಣ್ಣ ಮೊಬೈಲು ಹಿಡಿದು ಬಂದ. 'ಅಜ್ಜಿ, ನಮ್ ತಾತ ಬಿದ್ದದ್ದ ಕಣ್ಣಾರೆ ಕಂಡೆ ಅಂತ ಒಂದ್ ಮಾತ್ ಅಂದ್ಬುಡಿ, ವೀಡಿಯೋ ಇಡ್ಕತೀನಿ, ಅಷ್ಟೆ' ಅಂದ. ಅಜ್ಜಿ ಗೋಡೆ ಕಡೆ ತಿರುಗಿಕೊಂಡಳು. ಅವನು ಹೋದ ಮೇಲೆ ಏಣಿ ಹಾಕಿಸಿಕೊಂಡು, ನಾನು ಬೇಡ ಬೇಡ ಅಂದರೂ ತಾನೇ ಅಟ್ಟಕ್ಕೆ ಹತ್ತಿದಳು. ತೊಂಬತ್ತು ವರ್ಷ ಮೇಷ್ಟ್ರೇ. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ.

ಬಟ್ಟೆಗಂಟಿನಲ್ಲಿ ಒಂದು ತಗಡಿನ ಬುಡ್ಡಿ ತಂದಳು. ಸೀಮೆಎಣ್ಣೆ ಹಾಕಿ, ಬತ್ತಿ ಇಟ್ಟು ಉರಿಸುವ ಪುಟ್ಟ ದೀಪ. 'ಇದ ನಿಮ್ ಮೇಷ್ಟ್ರುಗೆ ಕೊಟ್ಬುಡು. ಇನ್ ಈ ಮನೇಲಿ ಬ್ಯಾಡ' ಅಂದಳು. ಯಾರದು ಅಂದೆ. 'ನಂದೇ' ಅಂದಳು. ಯಾವಾಗಿನದು ಅಂದೆ. 'ತಮ್ಮಯ್ಯಣ್ಣ ಓದ್ ದಿನುದ್ದು' ಅಂದಳು.

ಬುಡ್ಡಿಯ ಕುತ್ತಿಗೆಗೆ ಮೂರು ಕಡೆ ದಾರ ಕಟ್ಟಿ ಮೇಲೆ ಗಂಟು ಹಾಕಿದ್ದಾರೆ. ಅದರ ಮುಂದಕ್ಕೆ ಕತ್ತರಿಸಿದ ಹಗ್ಗದ ತುಂಡು. ಬಿಚ್ಚಬೇಡಿ. ಚೀಟಿಯಲ್ಲಿ ಹೀಗೆ ಬರೆದಿದ್ದೇನೆ: 'ಬುಡ್ಡಿ. ಪುಟ್ಟತಾಯಮ್ಮನದು. ತಮ್ಮಯ್ಯ ಸತ್ತ ದಿನದ್ದು. ಮುಂದೆ ಏನೂ ಹೇಳಲಿಲ್ಲ.'

ಚಲುವರಾಜು


ಶ್ರೀರಂಗಪಟ್ಟಣ
30 ಜೂನ್ 2024

ಚಿ. ಚಲುವರಾಜುವಿಗೆ,

ಬುಡ್ಡಿ ನನ್ನ ಮೇಜಿನ ಮೇಲಿದೆ. ಹಗ್ಗ ಯಾಕೆ ಎಂಬುದು ನನಗೆ ಹೊಳೆಯುತ್ತಿಲ್ಲ. ನಾವು ದೇವಸ್ಥಾನದ ಮನೆಯವರು, ದೀಪವನ್ನು ತೂಗುಹಾಕುವುದು ಗೊತ್ತು. ಆದರೆ ಈ ಹಗ್ಗದಲ್ಲಿ ಮಣ್ಣು ಕಚ್ಚಿಕೊಂಡಿದೆ. ದಿಲೀಪ್ ಇದನ್ನು ನೋಡಿ ಬಹಳ ಹಿಗ್ಗಿದ. ಗಾಜಿನ ಪೆಟ್ಟಿಗೆ ಮಾಡಿಸುತ್ತೇನೆ ಅಂದ. ಆದರೆ 'ಏನೂ ಹೇಳಲಿಲ್ಲ' ಅನ್ನುವ ಚೀಟಿಯ ಜೊತೆ ಅದನ್ನು ಹೇಗೆ ಇಡಲಿ? ಇನ್ನೊಮ್ಮೆ ಕೇಳು. ಒತ್ತಾಯ ಮಾಡಬೇಡ.

ಅನಂತರಾಮು


ಹೊಣಕೆರೆ ಹೋಬಳಿ
12 ಜುಲೈ 2024

ಮೇಷ್ಟ್ರಿಗೆ,

ಒತ್ತಾಯ ಮಾಡಿದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ದಿನಾ ಕೇಳಿದೆ. ಹನ್ನೊಂದನೇ ದಿನ ಹೇಳಿದಳು.

ನಿಮಗೆ ಹಗೇವು ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ರಾಗಿಯನ್ನು ನೆಲದೊಳಗೆ ತುಂಬುತ್ತಿದ್ದರು. ಎರಡಾಳು ಆಳದ ಗುಂಡಿ, ಒಳಗೆ ಮಡಕೆಯ ಹಾಗೆ ಅಗಲ, ಬಾಯಿ ಮಾತ್ರ ಒಬ್ಬ ನುಸುಳುವಷ್ಟು. ಮೇಲೆ ಚಪ್ಪಡಿ ಎಳೆದು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಹಾಳಾಗುವುದಿಲ್ಲ. ಲೆವಿಯವರಿಗೆ ಕಾಣುವುದೂ ಇಲ್ಲ. ಆದರೆ ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಚಪ್ಪಡಿ ತೆಗೆದು ಅರ್ಧ ದಿನ ಬಿಡಬೇಕು. ಆಮೇಲೂ ಹಗ್ಗದಲ್ಲಿ ದೀಪ ಇಳಿಬಿಟ್ಟು ನೋಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು.

ಅಜ್ಜಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

'ಲೆವಿ ಅಳ್ಯೋ ಶೇಕ್ದಾರ್ರು ಪೊಲೀಸ್ನೋರ್ನ ಕರ್ಕಂಡು ಬತ್ತಾವ್ರೆ ಅಂತ ಸುದ್ದಿ ಬಂತು. ಊರಲ್ಲಿ ಅಗೇವು ಐತೆ ಅಂತ ಯಾರೋ ಯೋಳ್ಬುಟ್ಟಿದ್ರು. ಅವ್ರು ಬರೋದ್ರೊಳಗೆ ರಾಗಿಯ ತೆಗ್ದು ಕಬ್ಬಿನ್ ಗದ್ದೆಗೆ ಸಾಗಿಸ್ಬೇಕು. ಅರ್ಧ ದಿನ ಬುಡೋಕೆ ಒತ್ತೆಲ್ಲೈತೆ? ನಮ್ಮಪ್ಪ ನನ್ ಕೈಗೆ ಬುಡ್ಡಿ ಕೊಟ್ಟು, ಇಳ್ಬುಟ್ಟು ನೋಡು ಅಂದ. ಅದ್ರಲ್ಲಿ ಎಲ್ಡು ಬೆಳ್ಳಷ್ಟು ಎಣ್ಣೆ. ಆ ತಿಂಗ್ಳುಗೆ ಮನೇಲಿದ್ದುದ್ದೇ ಅಷ್ಟು. ಮನೆಯಿಂದ ಓಡ್ಕಂಡು ಬರೋವಾಗ ಎಡವಿ ಚೆಲ್ಬುಟ್ಟಿದ್ದೆ. ಯಾರ್ಗೂ ಯೋಳಿರ್ನಿಲ್ಲ.

'ಗಂಡುಸ್ರೆಲ್ಲ ಗಾಡಿ ಕಟ್ತಿದ್ರು. ಅಗೇವಿನ್ ಬಾಯ್ ಮ್ಯಾಲೆ ನಾನೊಬ್ಳೇ ಬಗ್ಗಿದ್ದೆ. ಇಳ್ಬುಟ್ಟೆ. ಅರ್ಧುಕ್ಕೋಗಿ ಆರೋಯ್ತು. ಎಣ್ಣೆ ತೀರೋಯ್ತು ಅಂದ್ಕಂಡೆ. ಎಣ್ಣೆ ಚೆಲ್ದೆ ಅಂತ ಗೊತ್ತಾದ್ರೆ ನಮ್ಮಪ್ಪ ಚರ್ಮ ಸುಲೀತಿದ್ದ. ತಮ್ಮಯ್ಯಣ್ಣ ದೂರದಿಂದ, ಉರೀತದೇನವ್ವಾ ಅಂದ. ಉರೀತದೆ ಅಂತ ಕೂಗಿ ಬುಡ್ಡಿಯ ಮ್ಯಾಕೆ ಎಳ್ಕಂಡೆ. ಅದುಕ್ಕೆ ಅವ್ನು ಏನೋ ಅಂದ. ಇಳ್ದ.

'ಅಗ್ಗ ಎಳುದ್ರೆ ರಾಗಿ ಇಲ್ದೆ ಬರೀ ಪುಟ್ಟಿ ಬಂತು.

'ಕಂಬಳಿ ಬೀಸಿ, ನೀರು ಉಯ್ದು, ಆಮ್ಯಾಕೆ ಎತ್ತುದ್ರು. ಎಲ್ರೂ ಅವ್ನ ಸುತ್ತ ಇದ್ರು. ನಾನು ಬುಡ್ಡಿ ತಕ್ಕಂಡು ಅಲ್ಲಾಡ್ಸಿ ನೋಡ್ದೆ. ಕುಳುಕ್ ಅಂತು. ಎಣ್ಣೆ ಇತ್ತು ಕಣ್ಲಾ.'

ಪೊಲೀಸರು ಬಂದದ್ದು ಆಮೇಲೆ. ಕಲ್ಲು ತೂರಿದ್ದು, ಗಾಡಿ ಉರುಳಿಸಿದ್ದು, ಲಾಠಿ ಬೀಸಿದ್ದು ಎಲ್ಲ ನಿಜ. ಆದರೆ ಹಗೇವಿನಲ್ಲಿ ಸತ್ತ ಅಂದರೆ ರಾಗಿ ಎಲ್ಲಿದೆ ಅಂತ ತೋರಿಸಿಕೊಟ್ಟ ಹಾಗಾಗುತ್ತದಲ್ಲ? ಊರ ಹಿರೀಕರು ಹೆಣ ತಂದು ರಸ್ತೆಯಲ್ಲಿ ಮಲಗಿಸಿ, ಪೊಲೀಸರು ಹೊಡೆದರು ಅಂದರು. ಬುಡ್ಡಿ ಆರಿದ್ದು ಆ ಹಿರೀಕರಿಗೂ ಗೊತ್ತಿಲ್ಲ. ದೀಪ ಉರಿದ ಮೇಲೆ ಒಳಗಿನ ಗಾಳಿ ಕೆಟ್ಟಿತು ಅಂದುಕೊಂಡೇ ಅವರೂ ಸತ್ತರು. ಗೊತ್ತಿದ್ದದ್ದು ಅಜ್ಜಿಗೊಬ್ಬಳಿಗೆ, ಎಂಬತ್ತೊಂದು ವರ್ಷ.

ತಮ್ಮಯ್ಯ ಏನಂದ ಅಂತ ಕೇಳಿದೆ. ಅದನ್ನು ಮಾತ್ರ ಹೇಳಲಿಲ್ಲ. ಎದ್ದು ಒಳಗೆ ಹೋದಳು.

ಹೊಸ ಚೀಟಿ ಇದರಲ್ಲಿಟ್ಟಿದ್ದೇನೆ. ಎಲ್ಲ ಇದೆ. ಹಳೆಯದನ್ನು ಹರಿದುಹಾಕಿ.

ಚಲುವರಾಜು


ಶ್ರೀರಂಗಪಟ್ಟಣ
17 ಜುಲೈ 2024

ಚಿ. ಚಲುವರಾಜುವಿಗೆ,

ನಿನ್ನ ಕಾಗದವನ್ನು ಎರಡು ದಿನದಲ್ಲಿ ನಾಲ್ಕು ಸಲ ಓದಿದೆ. ಎರಡೇ ವಿಷಯ ಬರೆಯುತ್ತೇನೆ.

ಒಂದು. 'ಬುಡ್ಡಿ, 1943, ಪುಟ್ಟತಾಯಮ್ಮನವರದು' ಎಂದಷ್ಟೇ ಬರೆದರೂ ಅದು ಸುಳ್ಳಲ್ಲ. ಪುಸ್ತಕ ಅಚ್ಚಾಗಿ ಬಂದಿದೆ. ಕಮಾನಿನ ಅಕ್ಷರ ಕೂರಿಸುತ್ತಿದ್ದಾರೆ. ಯೋಚಿಸು.

ಎರಡು. ಇದನ್ನು ಬರೆಯಲು ನಿಮ್ಮಜ್ಜಿ ಒಪ್ಪಿದ್ದಾರೆಯೇ?

ಅನಂತರಾಮು


ಹೊಣಕೆರೆ ಹೋಬಳಿ
21 ಜುಲೈ 2024

ಮೇಷ್ಟ್ರಿಗೆ,

ನಿಮ್ಮ ಮೊದಲನೇ ಮಾತಿಗೆ ಮೈ ಉರಿಯಿತು. ಅವತ್ತು ಇಲ್ಲ ಅನ್ನು ಅಂದಿರಿ, ಇವತ್ತು ಅರ್ಧ ಹೇಳು ಅನ್ನುತ್ತೀರಿ. ಕಾಗದ ಓದಿದವನೇ ಸೀದಾ ಡೇರಿಗೆ ಹೋದೆ. ಹಾಲು ಅಳೆಸಲು ಜನ ಸಾಲು ನಿಂತಿದ್ದರು. ದಿಲೀಪಣ್ಣನಿಗೆ ಎಲ್ಲರ ಎದುರೇ ಹೇಳಿದೆ, ನಿಮ್ಮ ತಾತನನ್ನು ಪೊಲೀಸರು ಕೊಂದಿಲ್ಲ, ಹಗೇವಿನ ಗಾಳಿಗೆ ಸತ್ತರು, ಬುಡ್ಡಿ ಆರಿತ್ತು, ನಮ್ಮಜ್ಜಿ ಉರೀತದೆ ಅಂದಿದ್ದಳು ಅಂತ.

ದಿಲೀಪಣ್ಣ ಬರೆಯುತ್ತಿದ್ದ ಹಾಲಿನ ಲೆಕ್ಕದ ಪುಸ್ತಕ ಮುಚ್ಚಿದ. ನಾನು ಬೈಕು ಹತ್ತಿ ಬಂದುಬಿಟ್ಟೆ. ಹೊಣಕೆರೆ ದಾಟುವಾಗ ನಿಮ್ಮ ಎರಡನೇ ಮಾತು ನೆನಪಾಯಿತು.

ಅದಕ್ಕೆ ಉತ್ತರ: ಕೇಳಲಿಲ್ಲ.

ಚಲುವರಾಜು


ಹೊಣಕೆರೆ ಹೋಬಳಿ
26 ಜುಲೈ 2024

ಸರ್, ನಾನು ಚಲುವರಾಜುವಿನ ಅಕ್ಕ ರಂಜಿತ. ಅಜ್ಜಿ ಹೇಳಿದ ಹಾಗೇ ಬರೆಯುತ್ತಿದ್ದೇನೆ, ತಿದ್ದಕೂಡದು ಅಂತ ಆಣೆ ಹಾಕಿಸಿಕೊಂಡಿದ್ದಾಳೆ.

ಮೇಷ್ಟ್ರೇ, ನಾನು ಪುಟ್ಟತಾಯಿ. ದಿಲೀಪ ಬಂದಿದ್ದ. ಬಾಗ್ಲಲ್ಲೇ ನಿಂತು, ಮುದ್ಕಿಗೆ ಅರಳುಮರಳು ಅಂತ ಊರ್ಗೆಲ್ಲ ಕೇಳಂಗೆ ಅಂದ. ಅಷ್ಟುಕ್ಕೇ ಬುಟ್ಟಿದ್ರೆ ಆಯ್ತಿತ್ತು. ನಮ್ ಚಲುವ, ಅರಳುಮರಳಲ್ಲ, ಎಲ್ಲ ನೆಪ್ಪೈತೆ, ಬೇಕಾರೆ ಕೇಳು ಅಂದ. ದಿಲೀಪ ನನ್ ಮಕ ನೋಡ್ದ. ನಾನು ತಲೆ ತಗ್ಗಿಸ್ದೆ. ಅವ್ನು ಉಗುದ್ಬುಟ್ಟು ಓದ. ಅವತ್ತಿಂದ ಡೇರೀಲಿ ನಮ್ಮನೆ ಆಲು ತಕ್ಕಳದಿಲ್ಲ. ಎಮ್ಮೆ ಕರುಗ್ಳುಗೇ ಉಯ್ತಾವ್ರೆ. ಮಾರಮ್ಮನ್ ಗುಡೀಲಿ ಎಂಗುಸ್ರು ನಾನ್ ಬಂದ್ರೆ ಎದ್ದೋಯ್ತಾರೆ.

ಚಲುವನ್ಗೆ ಅಂದೆ, ನನ್ ಗಂಟ್ಲಲ್ಲಿದ್ದುದ್ದ ನೀನ್ಯಾಕ್ಲಾ ಕಕ್ದೆ ಅಂತ. ಅವ್ನ ತಾವು ಮಾತಾಡದ ಬುಟ್ಟಿವ್ನಿ.

ಬುಡ್ಡಿಯ ವಾಪಸ್ಸು ಕಳ್ಸಿ. ತಮ್ಮಯ್ಯಣ್ಣನ ಮಗ್ಳು ಜವರಮ್ಮ, ದಿಲೀಪನ್ ಅಪ್ಪನ್ಗೆ ಸೋದ್ರತ್ತೆ, ಸಂತೆಬಾಚಳ್ಳೀಲಿ ಅವ್ಳೆ. ಅವ್ರಪ್ಪ ಸತ್ತು ಎಲ್ಡು ತಿಂಗ್ಳಿಗೆ ಉಟ್ದೋಳು. ಅಪ್ಪನ್ ಮಕ ಕಾಣ್ದೋಳು. ಅವ್ಳು ಇದ ಗಾಜಿನ್ ಪೆಟ್ಗೆ ತಾವು ನಿಂತ್ಕಂಡು ಚೀಟಿ ಓದಿ ತಿಳ್ಕಳದು ಬ್ಯಾಡ. ನಾನೇ ಓಗಿ ಯೋಳ್ತೀನಿ. ಅವ್ಳು ಒಡುದ್ರೆ ಒಡುಸ್ಕತೀನಿ.

ಪುಟ್ಟತಾಯಿ ಎಬ್ಬೆಟ್ಟು


ಶ್ರೀರಂಗಪಟ್ಟಣ
31 ಜುಲೈ 2024

ಚಿ. ಚಲುವರಾಜುವಿಗೆ,

ಬುಡ್ಡಿಯನ್ನು ಹತ್ತಿಯಲ್ಲಿ ಸುತ್ತಿ ಬೆಳಗಿನ ಬಸ್ಸಿನಲ್ಲಿ ಕಳಿಸಿದ್ದೇನೆ. ಹಗ್ಗ ಬಿಚ್ಚಿಲ್ಲ ಎಂದು ಅಜ್ಜಿಗೆ ಹೇಳು. ಹೇಳಲಾಗದಿದ್ದರೆ ರಂಜಿತಳ ಕೈಲಿ ಹೇಳಿಸು.

ದಿಲೀಪ್ ಸಭಾಂಗಣ ಇಲ್ಲ ಅಂದ. ಚೀಟಿ ಸುಟ್ಟುಹಾಕಿ, ಆಮೇಲೆ ಮಾತಾಡೋಣ ಅಂದ. ಸುಡಲಿಲ್ಲ. ಪ್ರದರ್ಶನ ಅದೇ ದಿನ ನಮ್ಮ ಮನೆಯ ಹಜಾರದಲ್ಲಿ. ಪುಸ್ತಕದ ಪ್ರತಿಗಳೆಲ್ಲ ಮಂಚದ ಕೆಳಗಿವೆ, ಅಲ್ಲೇ ಇರಲಿ.

'ಪ್ರಾಣ ಕೊಟ್ಟೇವು, ರಾಗಿ ಕೊಡೆವು' ಎಂದು ತಮ್ಮಯ್ಯನವರು ಕೂಗಿದ್ದನ್ನು ನನಗೆ ಯಾರು ಹೇಳಿದರು ಎಂದು ನನ್ನ ಟಿಪ್ಪಣಿಗಳನ್ನೆಲ್ಲ ಮೊನ್ನೆಯಿಂದ ತಿರುವಿ ಹಾಕಿದೆ. ಯಾರೂ ಹೇಳಿಲ್ಲ. ನಾನೇ ಬರೆದದ್ದು. ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು, ಅದಕ್ಕೇ ನಿಜ ಅಂದುಕೊಂಡುಬಿಟ್ಟೆ.

ಇನ್ನು ಪರೀಕ್ಷೆಯ ದಿನ. ಉತ್ತರ ಹೇಳಿಕೊಡುತ್ತಿದ್ದ ಮೇಷ್ಟ್ರು ಯಾರೆಂದು ನಿನಗೆ ಗೊತ್ತು. ಅವರು ಶುರುಮಾಡುವ ಮೊದಲು ಆ ಕೊಠಡಿಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡವನು ನಾನು. ತನಿಖೆಯವರು ನನ್ನನ್ನೂ ಕೇಳಿದರು. ನನಗೇನೂ ಗೊತ್ತಿಲ್ಲ ಅಂದೆ. ಆಮೇಲೆ ಹೊರಗೆ ಬಂದು ನಿನಗೆ ಆ ಮಾತು ಅಂದೆ.

ಅನಂತರಾಮು


ಹೊಣಕೆರೆ ಹೋಬಳಿ
6 ಆಗಸ್ಟ್ 2024

ಮೇಷ್ಟ್ರಿಗೆ ಚಲುವರಾಜುವಿನ ನಮಸ್ಕಾರ.

ಬಾಗಿಲಿನ ವಿಷಯ ಓದಿದೆ. ಬರೆದಿರಲ್ಲ, ಅಷ್ಟು ಸಾಕು.

ನಿನ್ನೆ ಅಜ್ಜಿಯನ್ನು ಸಂತೆಬಾಚಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಬೈಕಿನಲ್ಲಿ ಕೂರುವುದಿಲ್ಲ ಅಂದಳು. ಅದೂ ನನಗಲ್ಲ, ಅಕ್ಕನಿಗೆ. ನಾಗಮಂಗಲಕ್ಕೆ ಒಂದು ಬಸ್ಸು, ಕೆ.ಆರ್. ಪೇಟೆಗೆ ಒಂದು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ಮಾತಿಲ್ಲ. ಬುಡ್ಡಿ ಅವಳ ಮಡಿಲಲ್ಲಿ. ಕಂಡಕ್ಟರು, 'ಅಜ್ಜಿ, ಫ್ರೀ ಟಿಕೇಟಿಗೆ ಆಧಾರ್ ತೋರ್ಸಿ' ಅಂದರೆ, 'ಪಕ್ಕದಲ್ಲಿರೋನ ಕೇಳಪ್ಪ. ನಂದೆಲ್ಲ ಅವ್ನೇ ಊರ್ಗೆ ತೋರ್ಸದು' ಅಂದಳು. ಬಸ್ಸೆಲ್ಲ ನಕ್ಕಿತು. ನಾನು ಕಾರ್ಡು ತೋರಿಸಿದೆ.

ಜವರಮ್ಮ ಜಗಲಿಯಲ್ಲಿ ಮೊರ ಹಿಡಿದು ಹುರುಳಿ ಕೇರುತ್ತಿದ್ದರು. ಎಂಬತ್ತೊಂದು ವರ್ಷ, ಇನ್ನೂ ಗಟ್ಟಿ. 'ಬಾ ಪುಟ್ಟತಾಯಕ್ಕ, ಏನಕ್ಕ ಇಷ್ಟು ದೂರ' ಅಂದರು. ದಿಲೀಪಣ್ಣ ಅವರಿಗೆ ಈ ವಿಷಯ ಹೇಳಿರಲಿಲ್ಲ. ಅಜ್ಜಿ ಕೂರಲಿಲ್ಲ, ನೀರು ಮುಟ್ಟಲಿಲ್ಲ. ಬುಡ್ಡಿಯನ್ನು ಅವರ ಮುಂದೆ ಇಟ್ಟು, ನಿಂತುಕೊಂಡೇ ಎಲ್ಲ ಹೇಳಿದಳು. ನನಗೆ ಹೇಳಿದ್ದಕ್ಕಿಂತ ಕಮ್ಮಿ ಮಾತಿನಲ್ಲಿ. ನಾನು ಬಾಯಿ ಬಿಡಲಿಲ್ಲ. ನನಗೆ ಅದು ಎಷ್ಟು ಕಷ್ಟವಾಯಿತು ಅಂತ ನಿಮಗೆ ಗೊತ್ತಾಗುತ್ತದೆ.

ಜವರಮ್ಮ ಮೊರ ಪಕ್ಕಕ್ಕಿಟ್ಟು ಬುಡ್ಡಿ ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಈಗ ಅದರಲ್ಲಿ ಏನಿದೆ? ಒಂದು ಚೂರು ತುಕ್ಕು ಉದುರಿತು.

'ಅಂಗಾರೆ ನಮ್ಮಪ್ಪ ಕೊನೇಗೆ ಮಾತಾಡಿದ್ದು ನಿನ್ ತಾವೇನಾ?' ಅಂದರು.

'ಊಂ ಕಣವ್ವ.'

'ಏನಂದ?'

ನನಗೆ ಹೇಳದೆ ಎದ್ದುಹೋಗಿದ್ದ ಮಾತನ್ನು ಅಜ್ಜಿ ಆಗ ಹೇಳಿದಳು.

'ನಾನು ಉರೀತದೆ ಅಂತ ಜೋರಾಗಿ ಕೂಗುದ್ನಲ್ಲ, ಅದುಕ್ಕೆ ನಕ್ಬುಟ್ಟ. ಏನ್ ಗಂಟ್ಲವ್ವಾ ನಿಂದು, ಕೆರೆ ಆಚೆಗೂ ಕೇಳ್ತದಲ್ಲ, ನಮ್ಮನೇಲೂ ಇಂತದೇ ಒಂದು ಎಣ್ಣು ಉಟ್ಲಿ ಅಂದ. ಇಳ್ದ.'

ಜವರಮ್ಮ ಬುಡ್ಡಿಯನ್ನು ಮಡಿಲಿಗೆ ಎಳೆದುಕೊಂಡರು.

'ಎಣ್ಣು ಅಂದ್ನಾ?'

'ಎಣ್ಣು ಅಂದ.'

'ನಮ್ಮವ್ವ ಸಾಯೋಗಂಟ, ನೀನ್ ಗಂಡಾಗಿದ್ರೆ ನಿಮ್ಮಪ್ಪನೇ ತಿರ್ಗಿ ಬಂದಂಗಾಯ್ತಿತ್ತು ಅಂತಿದ್ಲು. ಇನ್ನೊಂದ್ ಸಲ ಯೋಳಕ್ಕ.'

ಅಜ್ಜಿ ಇನ್ನೊಂದು ಸಲ ಹೇಳಿದಳು. ಮತ್ತೊಂದು ಸಲ ಹೇಳಿಸಿದರು. ಆಮೇಲೆ ಆ ಮುದುಕಿಗೆ ಸಿಟ್ಟು ಬಂತು ನೋಡಿ ಮೇಷ್ಟ್ರೇ, ಮೊರ ತಳ್ಳಿದ ರಭಸಕ್ಕೆ ಹುರುಳಿಯೆಲ್ಲ ಅಂಗಳಕ್ಕೆ ಚೆಲ್ಲಿತು. 'ಇದ ಎಂಬತ್ ವರ್ಷ ಮಡೀಕಂಡಿದ್ದೇನಕ್ಕ ನೀನು? ಅವ್ನು ಸತ್ತಿದ್ದ ಊರೆಲ್ಲ ಯೋಳ್ತು. ಸಾಯೋವಾಗ ಕೂಗ್ದ ಅಂತ ಯಾವನೋ ಪುಸ್ತುಕ್ದಲ್ಲಿ ಬರ್ದವ್ನೆ ಅಂತ ದಿಲೀಪ ಅಂದ. ಇದ ಒಬ್ರೂ ಯೋಳ್ನಿಲ್ವಲ್ಲ!'

'ಎದ್ರಿಕೆ ಕಣವ್ವ. ಅವ್ನು ಅಂದಿದ್ದ ಯೋಳ್ಬೇಕಾರೆ ನಾನ್ ಅಂದಿದ್ದ ಮೊದ್ಲು ಯೋಳ್ಬೇಕಲ್ಲ' ಅಂದಳು ಅಜ್ಜಿ. ಅಂದು ಅಲ್ಲೇ ನೆಲದ ಮೇಲೆ ಕೂತಳು.

ಕ್ಷಮಿಸಿದೆ ಅಂತ ಜವರಮ್ಮ ಅನ್ನಲಿಲ್ಲ. ಚೆಲ್ಲಿದ ಹುರುಳಿಯನ್ನು ಇಬ್ಬರೂ ಸೇರಿ ಆರಿಸತೊಡಗಿದರು. ನಾನೂ ಆರಿಸಿದೆ. ಆಮೇಲೆ ನನ್ನ ಫೋನಿನಿಂದ ದಿಲೀಪಣ್ಣನಿಗೆ ಮಾಡಿಸಿದರು. 'ಅವ್ನು ಊರ್ ರಾಗಿ ಉಳ್ಸೋಕೆ ಇಳ್ದ ಕಣ್ಲಾ. ಅದು ಸಾಲ್ದೇನ್ಲಾ ನಿನ್ ಕಮಾನ್ಗೆ?' ಅಂದರು. ಫೋನು ಕಟ್ಟಾಯಿತು. ಇವತ್ತು ಬೆಳಿಗ್ಗೆಯೂ ಡೇರಿಯಲ್ಲಿ ನಮ್ಮ ಹಾಲು ತಗೊಂಡಿಲ್ಲ. ಕಮಾನಿನ ಮೇಲಿನ ಅಕ್ಷರಕ್ಕೆ ಬಟ್ಟೆ ಮುಚ್ಚಿದ್ದಾರೆ. ಒಳಗೆ ಏನಿದೆಯೋ ಗೊತ್ತಿಲ್ಲ.

ಹೊರಡುವಾಗ ಬುಡ್ಡಿ ಕೇಳಿದೆ. ಜವರಮ್ಮ ಕೊಡಲಿಲ್ಲ. 'ನಿಮ್ ಮೇಷ್ಟ್ರು ಬೇಕಾರೆ ಇಲ್ಲಿಗೇ ಬರ್ಲಿ' ಅಂದು ಗೂಡಿನಲ್ಲಿ ಇಟ್ಟುಕೊಂಡರು. ಹಾಗಾಗಿ ನಿಮ್ಮ ಪ್ರದರ್ಶನಕ್ಕೆ ಬುಡ್ಡಿ ಇಲ್ಲ. ಚೀಟಿ ಮಾತ್ರ ಇದೆ. ಬರೆಯುವ ಮುಂಚೆ ಒಂದೊಂದು ಸಾಲನ್ನೂ ಇಬ್ಬರಿಗೂ ಓದಿ ಹೇಳಿದೆ. ತಮ್ಮಯ್ಯ ಅಂದ ಮಾತನ್ನು ಬರೆಯಲೇ ಅಂದೆ. ಬೇಡ ಅಂದರು ಜವರಮ್ಮ. ಬರೆದಿಲ್ಲ. ನಿಮಗೆ ಕಾಗದದಲ್ಲಿ ತಿಳಿಸುವುದಕ್ಕೆ ಒಪ್ಪಿದ್ದಾರೆ, ಕೇಳಿದ್ದೇನೆ.

ಬರುವಾಗ ಕೆ.ಆರ್. ಪೇಟೆ ದಾಟಿದ ಮೇಲೆ ಅಜ್ಜಿ ಸೆರಗು ಎಳೆದುಕೊಂಡು, 'ಕಿಟ್ಕಿ ಮುಚ್ಲಾ, ಗಾಳಿ' ಅಂದಳು. ಹತ್ತು ದಿನದ ಮೇಲೆ ನನಗೆ ಅಂದ ಮೊದಲ ಮಾತು. ಮುಚ್ಚಿದೆ.

ಖಾಲಿ ಜಾಗದಲ್ಲಿ ಈ ಚೀಟಿ ಇಡಿ:

'ಬುಡ್ಡಿ. 1943. ಇದನ್ನು ಹಗೇವಿಗೆ ಇಳಿಬಿಟ್ಟವರು ಪುಟ್ಟತಾಯಮ್ಮ, ಆಗ ಒಂಬತ್ತು ವರ್ಷ. ಬುಡ್ಡಿ ಆರಿತು. ಉರೀತದೆ ಅಂದರು. ಊರಿನ ರಾಗಿ ತೆಗೆಯಲು ತಮ್ಮಯ್ಯ ಇಳಿದರು, ಬರಲಿಲ್ಲ. ಬುಡ್ಡಿ ಈಗ ಸಂತೆಬಾಚಹಳ್ಳಿಯಲ್ಲಿ ತಮ್ಮಯ್ಯನವರ ಮಗಳು ಜವರಮ್ಮನ ಮನೆಯಲ್ಲಿದೆ. ಇಳಿಯುವ ಮುಂಚೆ ತಮ್ಮಯ್ಯ ಒಂದು ಮಾತು ಅಂದಿದ್ದರು. ಅದು ಜವರಮ್ಮನದು. ಅವರನ್ನೇ ಕೇಳಬೇಕು.

ಹೇಳಿದವರು: ಪುಟ್ಟತಾಯಮ್ಮ.
ಇಬ್ಬರನ್ನೂ ಕೇಳಿ ಬರೆದವನು: ಚಲುವರಾಜು.'